ಬೀಗರ ಮನೆಯಿಂದ ಕಡ ತಂದ ರಾಜಸ್ಥಾನ

ರಾಷ್ಟ್ರದ ಏಕತೆ ಎಂಬುದು ಬಹಳ ಗಂಭೀರವಾದ ವಿಷಯ. ಹಿರಿಯರು ಅದಕ್ಕಾಗಿ ದುಡಿದಿದ್ದಾರೆ, ಜೈಲಿಗೆ ಹೋಗಿದ್ದಾರೆ, ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದ ಮಕ್ಕಳಿಗೆ ಗಂಟೆಗಟ್ಟಲೆ ಭಾಷಣ ಮಾಡಿದ್ದಾರೆ. ಆದರೆ ನನ್ನ ಅನುಭವದಲ್ಲಿ ಈ ಏಕತೆ ಕಡೆಗೆ ನಿಂತಿರುವುದು ಗೋಂದಿನ ಮೇಲೆ. ಗೋಂದು ಹಾಕದಿದ್ದರೆ ಒಂದು ರಾಜ್ಯ ಇನ್ನೊಂದು ರಾಜ್ಯದೊಳಕ್ಕೆ ಉದುರಿಹೋಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೂ ನಂಜನಗೂಡಿನಲ್ಲಿ, ಹಾಡುಹಗಲು, ತಲೆಯ ಮೇಲೆ ಫ್ಯಾನು ತಿರುಗುತ್ತಿರುವಾಗ.

ಇದೆಲ್ಲ ಜ್ಞಾಪಕಕ್ಕೆ ಬರಲು ಕಾರಣ ನನ್ನ ಸ್ಕೂಟರು. ಮೊನ್ನೆ ಛತ್ರಿ ಹುಡುಕುತ್ತ ಅದರ ಡಿಕ್ಕಿಗೆ ಕೈ ಹಾಕಿದೆ. ಛತ್ರಿ ಸಿಗಲಿಲ್ಲ, ಮೂಲೆಯಲ್ಲಿ ಒಂದು ಚಿಟಿಕೆ ಮರಳು ಸಿಕ್ಕಿತು. ಬುದ್ಧಿಯಿದ್ದವರು ಕೊಡವಿ ಬಿಸಾಡುತ್ತಿದ್ದರು. ನಾನು ಅದನ್ನು ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು, “ಹೊಳೆ ಮರಳು” ಎಂದು ಗಟ್ಟಿಯಾಗಿಯೇ ಹೇಳಿದೆ. ನಮ್ಮ ಕಡೆಯ ಗಂಡಸರಿಗೆ ಈಗ ಇದೊಂದು ಚಟ. ಎಲ್ಲೇ ಮರಳು ಕಂಡರೂ ಅಂಗೈಗೆ ಹಾಕಿ ಉಜ್ಜದೆ ಮುಂದಕ್ಕೆ ಹೋಗಲಾರರು. ಮನೆ ಕಟ್ಟಿಸುವವರು ಉಜ್ಜುತ್ತಾರೆ, ಕಟ್ಟಿಸಿ ಮುಗಿಸಿದವರು ಉಜ್ಜುತ್ತಾರೆ, ಬಾಡಿಗೆ ಮನೆಯಲ್ಲಿ ಇರುವವರಂತೂ ಇನ್ನಷ್ಟು ಶ್ರದ್ಧೆಯಿಂದ ಉಜ್ಜುತ್ತಾರೆ.

ನಾನು ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಆಯುಷ್ಯದ ದೊಡ್ಡ ಭಾಗವನ್ನು ಪರರ ಜಮೀನಿನ ಒತ್ತುವರಿ, ತಕರಾರು, ಗಡಿ ಗುರುತಿಸುವ ಹದ್ದುಬಸ್ತುಗಳಲ್ಲಿ ಕಳೆದು, ಇನ್ನು ಪೇಪರ್ ಓದಿಕೊಂಡು ತೆಪ್ಪಗಿರೋಣ ಎಂದು ನಂಜನಗೂಡಿನ ಮನೆಯಲ್ಲಿ ಕೂತಾಗ ಮೊಮ್ಮಗಳು ಸಿಂಚನಾ ನಾಲ್ಕನೇ ಕ್ಲಾಸಿಗೆ ಬಂದಳು. ಮಗ ತಾಂಡ್ಯದ ಕಾರ್ಖಾನೆಯಲ್ಲಿ ಶಿಫ್ಟು. ಮನೆಯಲ್ಲಿರುವಾಗ ನಿದ್ದೆ ಮಾಡುತ್ತಾನೆ, ಎಚ್ಚರವಾಗಿರುವಾಗ ಮನೆಯಲ್ಲಿರುವುದಿಲ್ಲ. ಸೊಸೆ ಸವಿತಾಗೆ ಅಂಗನವಾಡಿ ಮೇಲ್ವಿಚಾರಕಿಯ ಕೆಲಸ. ಊರೂರು ತಿರುಗಿ ಬೇರೆಯವರ ಮಕ್ಕಳ ತೂಕ ನೋಡುತ್ತಾಳೆ. ಹೀಗಾಗಿ ಹೋಂವರ್ಕು, ಅದರ ಮೇಲೆ ಪ್ರಾಜೆಕ್ಟು ಎಂಬ ಉಪದ್ರವ, ಎಲ್ಲದಕ್ಕೂ ನಾನೇ ಹೊಣೆ.

ಆ ವರ್ಷ ಶಾಲೆಯಲ್ಲಿ ‘ನಮ್ಮ ರಾಜ್ಯಗಳು’ ಎಂಬ ಪ್ರಾಜೆಕ್ಟು. ಲಾವಣ್ಯ ಮಿಸ್ಸು ಮಕ್ಕಳಿಂದ ಚೀಟಿ ಎತ್ತಿಸಿ ಇಡೀ ದೇಶವನ್ನು ಅರ್ಧ ಪೀರಿಯಡ್ಡಿನಲ್ಲಿ ಹಂಚಿಬಿಟ್ಟರು. ಸಿಂಚನಾಳ ಖಾತೆಗೆ ರಾಜಸ್ಥಾನ ಬಂತು. ವಿಸ್ತೀರ್ಣದಲ್ಲಿ ದೇಶಕ್ಕೇ ದೊಡ್ಡದು. ನಮ್ಮ ವಂಶದಲ್ಲಿ ಇಷ್ಟು ಭೂಮಿ ಯಾರ ಹೆಸರಿಗೂ ಬಂದಿರಲಿಲ್ಲ. ಸಿಹಿ ಮಾಡಲು ಹೇಳಿದೆ. ಹೆಂಡತಿ ಮಾಡಲಿಲ್ಲ.

ಪ್ರಾಜೆಕ್ಟಿನ ಷರತ್ತು ಹೀಗಿತ್ತು. ಪ್ಲೈವುಡ್ ಹಲಗೆಯ ಮೇಲೆ ಆ ರಾಜ್ಯವನ್ನು ಬೆಟ್ಟ, ನೆಲ, ನದಿ ಸಮೇತ ಉಬ್ಬಾಗಿ ಮಾಡಬೇಕು. ಮಾದರಿ ಸರಿಯಾಗಿದ್ದವರು ಶಾಲೆಯ ಹಾಲ್‌ನಲ್ಲಿ ತಮ್ಮ ಟೇಬಲ್ಲಿನ ಹಿಂದೆ ನಿಂತು ಬಂದವರಿಗೆ ಐದು ವಾಕ್ಯ ಹೇಳಬೇಕು. ಸರಿಯಿಲ್ಲದವರ ಮಾದರಿ ವರಾಂಡದಲ್ಲಿ. ಅವರು ಸಭಿಕರ ಜೊತೆ ಕೂತು ಚಪ್ಪಾಳೆ ಹೊಡೆಯಬೇಕು. ಹಿಂದಿನ ವರ್ಷ ಸೌರವ್ಯೂಹ ಮಾಡಲು ಹೇಳಿದ್ದಾಗ ನಾವು ಅದನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಕೊಂಡಿದ್ದೆವು. ಅದೇ ಅಂಗಡಿಯಲ್ಲಿ ಇನ್ನೂ ಹಲವರು ಕೊಂಡಿದ್ದರು. ಒಂದೇ ಥರದ ಶನಿಗ್ರಹಗಳು ಸಾಲಾಗಿ ಬಂದು ಕೂತದ್ದನ್ನು ನೋಡಿ ಮಿಸ್ಸು ಎಲ್ಲವನ್ನೂ ವರಾಂಡಕ್ಕೆ ಕಳಿಸಿದರು. ಸಿಂಚನಾ ಅವತ್ತು ಮಧ್ಯಾಹ್ನದವರೆಗೆ ಚಪ್ಪಾಳೆ ಹೊಡೆದು ಕೈ ಕೆಂಪಗೆ ಮಾಡಿಕೊಂಡು ಬಂದಿದ್ದಳು.

“ಈ ಸಲ ನಾನು ಚಪ್ಪಾಳೆ ಹೊಡೆಯಲ್ಲ ತಾತ. ನಾನು ನಿಂತ್ಕೊಂಡು ಮಾತಾಡ್ತೀನಿ. ಬೇರೆಯವರು ಹೊಡೀಲಿ” ಎಂದಳು. ಐದು ವಾಕ್ಯವನ್ನು ಚೀಟಿ ಎತ್ತಿದ ಸಂಜೆಯೇ ಬಾಯಿಪಾಠ ಮಾಡಿದ್ದಳು. ಇನ್ನು ಬೇಕಾಗಿದ್ದುದು ರಾಜಸ್ಥಾನ ಮಾತ್ರ.

ನನಗೆ ರಾಜಸ್ಥಾನದ ಬಗ್ಗೆ ಏನೂ ಗೊತ್ತಿರಲಿಲ್ಲ. ಇದಕ್ಕೆ ಗೆದ್ದಲು ಕಾರಣ. ನಾನು ಓದಿದ್ದು ಬಿಳಿಗೆರೆಯಲ್ಲಿ. ನಮ್ಮ ಶಾಲೆಗೆಲ್ಲ ಸೇರಿ ಒಂದೇ ಭಾರತದ ನಕ್ಷೆ. ಗೋಡೆಗೆ ನೇತುಹಾಕಿದ್ದ ಅದಕ್ಕೆ ಮೇಲಿನಿಂದ ಗೆದ್ದಲು ಹಿಡಿದಿತ್ತು. ಕಾಶ್ಮೀರ ನಾವು ಶಾಲೆಗೆ ಸೇರುವ ಮೊದಲೇ ಹೋಗಿತ್ತು. ವರ್ಷಕ್ಕಿಷ್ಟು ಎಂದು ಗೆದ್ದಲು ಕೆಳಕ್ಕೆ ಇಳಿಯುತ್ತಿತ್ತು. ಮೇಷ್ಟ್ರು ಉಳಿದ ರಾಜ್ಯಗಳನ್ನಷ್ಟೇ ಪಾಠ ಮಾಡುತ್ತಿದ್ದರು. ನಾವು ರಾಜಸ್ಥಾನದ ಪಾಠಕ್ಕೆ ಬರುವ ಹೊತ್ತಿಗೆ ಅಲ್ಲಿ ಗೋಡೆಯ ಸುಣ್ಣ ಕಾಣುತ್ತಿತ್ತು. ಮೇಷ್ಟ್ರು ಬೆತ್ತದಿಂದ ಆ ಸುಣ್ಣವನ್ನು ತೋರಿಸಿ, “ಇಲ್ಲಿ ಮಳೆ ಕಮ್ಮಿ” ಎಂದು ಮುಂದಕ್ಕೆ ಹೋದರು. ನಮ್ಮ ದೃಷ್ಟಿಯಲ್ಲಿ ಅದು ಸಮಂಜಸವಾಗಿಯೇ ಇತ್ತು.

ಅದೇ ಕಾಲಕ್ಕೆ ನಮ್ಮ ರಾಜ್ಯಕ್ಕೆ ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕ ಎಂದಾಯಿತು. ಮೇಷ್ಟ್ರು ಬೆಳಿಗ್ಗೆ ಬಂದವರೇ, “ಎಲ್ರೂ ಪುಸ್ತಕ ತೆಗೀರಿ. ಮೈಸೂರು ರಾಜ್ಯ ಅಂತ ಇರೋ ಕಡೆಯೆಲ್ಲ ಗೀಟು ಹೊಡೆದು ಕರ್ನಾಟಕ ಅಂತ ಬರೀರಿ” ಎಂದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಚೆನ್ನಾಜಿ ಎಂಬುವನು ಎದ್ದು ನಿಂತು, “ಅಂಗಾರೆ ಸಾ, ಮೈಸೂರು ಬಸ್ಸು ಇನ್ಮ್ಯಾಕೆ ಎಲ್ಲಿಗೋಯ್ತದೆ?” ಎಂದು ಕೇಳಿದ. ಅವನ ಚಿಕ್ಕಮ್ಮ ಮೈಸೂರಿನಲ್ಲಿದ್ದಳು. ಅವನ ಆತಂಕ ಅವನಿಗೆ. ಭೂಗೋಳದಲ್ಲಿ ನನಗಿರುವ ಶಿಕ್ಷಣ ಇಷ್ಟು. ಇಂಥವನ ಕೈಗೆ ದೇಶದ ಅತಿ ದೊಡ್ಡ ರಾಜ್ಯವನ್ನು ಕೊಟ್ಟಿದ್ದರು.

ಮೊದಲು ಚಿತ್ರಗಳ ಹಾಳೆ ತರಲು ಅಂಗಡಿಗೆ ಹೋದೆವು. ಒಂಟೆ, ಕೋಟೆ, ಪೇಟ ಎಲ್ಲ ಅಚ್ಚಾಗಿರುವ ಹಾಳೆ ಸಿಗುತ್ತದೆ, ಕತ್ತರಿಸಿ ಅಂಟಿಸುವುದು.

“ರಾಜಸ್ಥಾನ ಖಾಲಿ ಸಾ” ಎಂದ ಅಂಗಡಿಯವ. “ಗೋವಾ ಐತೆ, ಕೊಡ್ಲಾ? ಸಣ್ಣದು, ಬೇಗ ಮುಗ್ದೋಯ್ತದೆ.”

“ನಮಗೆ ಬಂದಿರೋದು ರಾಜಸ್ಥಾನ.”

“ಮಿಸ್ಸಿಗೆ ಹೇಳಿ ಬದಲಾಯಿಸ್ಕಳಿ ಸಾ. ಮಿಜೋರಾಂ, ನಾಗಾಲ್ಯಾಂಡ್ ಎರಡೂ ಒಂದೇ ಶೀಟಲ್ಲಿ ಬಂದವೆ. ಯಾರೂ ಕೇಳ್ತಿಲ್ಲ, ಕಮ್ಮಿ ಮಾಡಿ ಕೊಡ್ತೀನಿ.”

ಹಾಳೆ ಸಿಗದಿದ್ದರೂ ಚಿಂತೆಯಿಲ್ಲ, ರಾಜಸ್ಥಾನಕ್ಕೆ ಮುಖ್ಯವಾದುದು ಮರಳುಗಾಡು ಎಂದು ಪಾಠಪುಸ್ತಕದಲ್ಲಿತ್ತು. ಪುಸ್ತಕದ ಚಿತ್ರದಲ್ಲಿ ಆ ಮರಳು ಹೊಂಬಣ್ಣದ್ದು. ನನ್ನ ಹೆಂಡತಿ ಬನ್ಸಿ ರವೆಗೆ ಅರಿಶಿನ ಕಲಸಿ ಕೊಟ್ಟಳು. ನೋಡಲು ಸೊಗಸಾಗಿತ್ತು. ಹಲಗೆಯ ಮೇಲೆ ಹರಡಿ, ಒಣಗಲಿ ಎಂದು ಬಿಟ್ಟು, ಊಟ ಮಾಡಿ ಬಂದು ನೋಡಿದರೆ ಇರುವೆಗಳು ಅರಿಶಿನಕ್ಕೂ ಜಗ್ಗದೆ ಉತ್ತರದ ಗಡಿಯಿಂದ ನುಗ್ಗಿ ಬಿಕಾನೇರನ್ನು ಸಾಲುಗಟ್ಟಿ ಹೊತ್ತು ಸಾಗಿಸುತ್ತಿದ್ದವು. ಮರುದಿನ ಪಕ್ಕದ ರಸ್ತೆಯಲ್ಲಿ ಮನೆ ಕಟ್ಟಿಸುತ್ತಿದ್ದವರ ಹತ್ತಿರ ಒಂದು ಬುಟ್ಟಿ ಎಂ-ಸ್ಯಾಂಡ್ ಕೇಳಿ ತಂದೆ. ಈಗ ಎಲ್ಲರೂ ಕಟ್ಟುವುದು ಅದರಲ್ಲೇ. ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು. ಸಿಂಚನಾ ಅದನ್ನು ನೋಡಿ ಮುಖ ತಿರುಗಿಸಿದಳು.

“ಇದು ಬೂದಿ ಕಲರ್ ಇದೆ ತಾತ. ರಾಜಸ್ಥಾನ ಸುಟ್ಟುಹೋದ ಹಾಗೆ ಕಾಣತ್ತೆ.”

ಹೊಳೆಯ ಮರಳೇ ಆಗಬೇಕೆಂದು ತೀರ್ಮಾನವಾಯಿತು. ಓದುಗರು ಇದನ್ನು ಸಣ್ಣ ಮಾತು ಎಂದುಕೊಳ್ಳಬಾರದು. ನಾನು ಹುಡುಗನಾಗಿದ್ದಾಗ ಮರಳು ಎಂಬುದು ಗಾಳಿಯ ಹಾಗೆ. ಯಾರೂ ಅದರ ಬಗ್ಗೆ ಯೋಚನೆಯನ್ನೇ ಮಾಡುತ್ತಿರಲಿಲ್ಲ. ನನಗೆ ಅಕ್ಷರ ತಿದ್ದಿಸಿದ್ದು ಮರಳ ಮೇಲೆ. ಮದುವೆ ಚಪ್ಪರದಡಿಗೆ ಗಾಡಿಗಟ್ಟಲೆ ಸುರಿಯುತ್ತಿದ್ದರು. ನಂಜನಗೂಡಿಗೆ ಬಂದಾಗ ಕಪಿಲಾ ಹೊಳೆಯ ದಡದಲ್ಲಿ ಕೈಯಿಂದ ಗುಂಡಿ ತೋಡಿ, ನೀರು ಒಸರಿದ್ದನ್ನು ಬೊಗಸೆಯಲ್ಲಿ ಕುಡಿದು, ಆ ಗುಂಡಿಗೆ ತಮ್ಮನನ್ನು ಕೂರಿಸಿ ಕುತ್ತಿಗೆಯವರೆಗೆ ಮುಚ್ಚುತ್ತಿದ್ದೆವು. ಅವನು ಈಗ ಬೆಂಕಿಪೊಟ್ಟಣದಷ್ಟು ಮರಳಿಗೂ ಪರದಾಡಿ ಮನೆ ಕಟ್ಟಿಸಿದ್ದಾನೆ. ಅವತ್ತು ಅವನನ್ನು ಮುಚ್ಚಿದ್ದ ಮರಳನ್ನು ಇವತ್ತು ಇಟ್ಟುಕೊಂಡಿದ್ದರೆ ಒಂದು ಅಡುಗೆಮನೆ ಆಗುತ್ತಿತ್ತು ಎಂದು ಇಬ್ಬರೂ ಆಗಾಗ ಮಾತಾಡಿಕೊಳ್ಳುತ್ತೇವೆ.

ನಮಗೆ ತಿಳಿದ ಮಟ್ಟಿಗೆ ಹಳೆಯ ಹೊಳೆ ಮರಳು ಇದ್ದದ್ದು ಒಬ್ಬರ ಹತ್ತಿರ: ಟಿ. ನರಸೀಪುರದಲ್ಲಿರುವ ನಮ್ಮ ಬೀಗರು, ಸವಿತಾಳ ತಂದೆ, ಗುರುಮಲ್ಲಪ್ಪನವರು. ಗದ್ದೆ ತೋಟ ಇರುವ ಅನುಕೂಲಸ್ಥರು. ಮಹಡಿ ಕಟ್ಟಿಸಬೇಕೆಂದು, ಮರಳು ಸಲೀಸಾಗಿ ಸಿಗುತ್ತಿದ್ದ ಕಾಲದಲ್ಲಿ ಹಿತ್ತಿಲಿಗೆ ಹಾಕಿಸಿದ್ದರು. ಅದರ ಮೇಲೆ ನೀಲಿ ಟಾರ್ಪಾಲು, ಟಾರ್ಪಾಲಿನ ಮೇಲೆ ಕಲ್ಲು, ಕಲ್ಲಿನ ಸುತ್ತ ಮುಳ್ಳು, ಮುಳ್ಳಿನ ಪಕ್ಕ ನಾಯಿ. ಮಹಡಿ ಇನ್ನೂ ಕಟ್ಟಿಸಿಲ್ಲ. ಕಟ್ಟಿಸಿದರೆ ಮರಳು ಮುಗಿದುಹೋಗುತ್ತದಲ್ಲ. ಬಂದ ನೆಂಟರಿಗೆ ಕಾಫಿ ಕೊಟ್ಟ ಮೇಲೆ ಹಿತ್ತಿಲಿಗೆ ಕರೆದೊಯ್ದು ಟಾರ್ಪಾಲಿನ ಒಂದು ಮೂಲೆ ಎತ್ತಿ ತೋರಿಸಿ ಮತ್ತೆ ಮುಚ್ಚುವುದು ಅವರ ಮನೆಯ ಸಂಪ್ರದಾಯ.

ಬೀಗರ ಮನೆಯಲ್ಲಿ ಏನನ್ನಾದರೂ ಕೇಳುವುದು ಎಷ್ಟು ನಾಜೂಕಿನ ಕೆಲಸ ಎಂಬುದು ಹೆಣ್ಣು ತಂದವರಿಗೆ ಗೊತ್ತು. ನಾವು ಉಪ್ಪು ಕೇಳಿದರೂ ಅದಕ್ಕೆ ಹತ್ತು ಅರ್ಥ ಹುಟ್ಟುತ್ತದೆ. ಆದ್ದರಿಂದ ಭಾನುವಾರ ಸಿಂಚನಾಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟಾಗ, “ನೀನು ಸುಮ್ಮನಿರು, ನಾನು ಸಮಯ ನೋಡಿ ಮಾತು ತೆಗೀತೀನಿ” ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದೆ.

“ಬನ್ನಿ ಬನ್ನಿ ಬೀಗ್ರೇ, ಏನ್ ಇತ್ತಾಗ್ ದಾರಿ ತೆಪ್ಪುದ್ರಿ? ಬಾರವ್ವ ಮಗ” ಎಂದು ಗುರುಮಲ್ಲಪ್ಪನವರು ಜಗುಲಿಯಿಂದ ಎದ್ದು ಬಂದರು. ಕಾಫಿಯಾಯಿತು. ನಾಲೆಯ ನೀರಿನ ವಿಚಾರವಾಯಿತು. ಮುದ್ದೆ, ಉಪ್ಪುಸಾರು ಊಟವಾಯಿತು. ನಾನು ನಾಜೂಕಾಗಿ ಭಾರತ ದೇಶದ ವೈವಿಧ್ಯದಿಂದ ಮಾತು ಪ್ರಾರಂಭಿಸಿದೆ. ಒಂದೊಂದು ರಾಜ್ಯಕ್ಕೆ ಒಂದೊಂದು ಭಾಗ್ಯ; ಒಂದು ಕಡೆ ಇರುವುದು ಇನ್ನೊಂದು ಕಡೆ ಇರುವುದಿಲ್ಲ; ಇದ್ದವರು ಇಲ್ಲದವರಿಗೆ ಕೊಡುವುದೇ ಏಕತೆ, ಎಂದೆ. ಗುರುಮಲ್ಲಪ್ಪನವರ ಮುಖ ಸಣ್ಣದಾಯಿತು.

“ಯಾಕ್ ಬೀಗ್ರೇ, ನಮ್ಮ ಸವಿತಾ ಏನಾರ ಅಂದ್ಲಾ? ಪಾಲು ಗೀಲು ವಿಚಾರ್ವಾ?” ಎಂದರು.

“ಅಯ್ಯೋ ಇಲ್ಲ ಇಲ್ಲ” ಎಂದು ನಾನು ತಡವರಿಸುವಷ್ಟರಲ್ಲಿ ಸಿಂಚನಾ, “ನರಸೀಪುರ ತಾತ, ನಮಗೆ ನಿಮ್ಮ ಮರಳು ಬೇಕು” ಎಂದುಬಿಟ್ಟಳು.

ಹಿತ್ತಿಲಿನಲ್ಲಿ ನಾಯಿ ಬೊಗಳಿತು. ಕಾಕತಾಳೀಯವಿರಬಹುದು.

ಗುರುಮಲ್ಲಪ್ಪನವರು ಹಿತ್ತಿಲ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, “ಅಕ್ಕಿ ಕೇಳವ್ವ, ಮೂಟೆ ಕೊಡ್ತೀನಿ. ತೆಂಗಿನ್ಕಾಯಿ ಕೇಳು, ಗಾಡಿ ತುಂಬಿ ಕಳುಸ್ತೀನಿ. ಆ ಮ್ಯಾಕೆ ಐತಲ್ಲ, ಅದುನ್ನ ಇಡ್ಕಂಡೋಗು. ಮರಳು ಅಂದ್ರೆ...” ಎಂದು ನಿಲ್ಲಿಸಿದರು.

ಒಳಗಿನಿಂದ ಬೀಗಿತಿ ಸಾಕಮ್ಮನವರ ದನಿ ಬಂತು. “ಮಗೀಗೆ ಒಂದು ಬೊಗ್ಸೆ ಮರಳು ಕೊಡಕ್ಕೆ ಇಂಗಾಡ್ತೀರಲ್ಲ, ಓಗೋವಾಗ ಎದೆ ಮ್ಯಾಲೆ ಏರ್ಕಂಡೋಯ್ತೀರಾ?”

“ನೀ ಸುಮ್ಕಿರು. ಒಬ್ರಿಗೆ ಕೊಟ್ರೆ ಊರೆಲ್ಲ ಬತ್ತದೆ.”

ಸಿಂಚನಾ ಅವರ ಹತ್ತಿರ ಹೋಗಿ ನಿಂತಳು. “ಕೊಡಬೇಡಿ ತಾತ. ಕಡ ಕೊಡಿ. ಪ್ರಾಜೆಕ್ಟ್ ಆದ ತಕ್ಷಣ ಪೂರ್ತಿ ವಾಪಸ್ ಕೊಡ್ತೀನಿ. ಪ್ರಾಮಿಸ್.”

ಕಡ ಎಂಬ ಮಾತು ಕೇಳಿ ಗುರುಮಲ್ಲಪ್ಪನವರಿಗೆ ಹೋದ ಜೀವ ಬಂತು. ಎದ್ದು ಹೋಗಿ ಭತ್ತ ಅಳೆಯುವ ಸೇರು ತಂದರು. ಟಾರ್ಪಾಲು ಸರಿಸಿದರು. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನುವುದಿಲ್ಲ. ಶುಭವಾಗಲೆಂದು ‘ಲಾಭ’ ಎನ್ನುತ್ತಾರೆ. ಅವರು ಪೂರ್ವಕ್ಕೆ ಮುಖ ಮಾಡಿ ಕೂತು, “ಲಾಭಾ...” ಎಂದು ರಾಗವಾಗಿ ಹೇಳಿ ರಾಜಸ್ಥಾನದ ಮೊದಲ ಸೇರನ್ನು ಚೀಲಕ್ಕೆ ಸುರಿದರು. ಭತ್ತವಾದರೆ ಗೋಪುರದ ಹಾಗೆ ತುಂಬಿಸಿ ಅಳೆಯುತ್ತಾರೆ. ಮರಳಿಗೆ ಅಂಗೈ ಆಡಿಸಿ ಮಟ್ಟ ಮಾಡಿದರು. ಅಂಗೈಗೆ ಅಂಟಿದ್ದನ್ನು ವಾಪಸ್ಸು ರಾಶಿಗೆ ಕೊಡವಿದರು.

“ನೋಡವ್ವ, ಇದಕ್ಕೆ ಗೋಂದು ಗೀಂದು ಮುಟ್ಟುಸ್ಕೂಡ್ದು. ಅಂಟ್ಸುದ್ರೆ ಮರಳು ಓಯ್ತು ಅಂತ್ಲೇ ಲೆಕ್ಕ.”

“ಮುಟ್ಟಿಸಲ್ಲ ತಾತ.”

“ಪ್ರಾಜೆಕ್ಟು ಯಾವತ್ತು? ನಾನೂ ಬತ್ತೀನಿ.”

ಮೊಮ್ಮಗಳನ್ನು ನೋಡಲು ಬರುತ್ತಾರೋ ಮರಳನ್ನೋ ಎಂದು ನಾನು ಕೇಳಲಿಲ್ಲ. ಬೀಗರಲ್ಲವೇ.

ಹಿಂದಕ್ಕೆ ಬರುವಾಗ ಸ್ಕೂಟರಿನ ಮೇಲೆ ನಾವಿಬ್ಬರು, ಸಾಕಮ್ಮನವರು ಹೊರಿಸಿದ ತೆಂಗಿನಕಾಯಿ ಗಂಟು, ನನ್ನ ಕಾಲ ಬಳಿ ರಾಜಸ್ಥಾನ. ಚೀಲಕ್ಕೆ ಒಂದು ತೂತಿತ್ತೆಂದು ನಮಗೆ ಗೊತ್ತಿರಲಿಲ್ಲ. ದಾರಿಯಲ್ಲಿ ವಾಹನ ನೋಡುತ್ತ ನಿಂತಿದ್ದ ಒಬ್ಬ ಪೊಲೀಸಿನವರಿಗೆ ಗೊತ್ತಾಯಿತು. ಸ್ಕೂಟರು ಎಳೆದುಕೊಂಡು ಬಂದ ತೆಳ್ಳನೆಯ ಮರಳ ಗೆರೆಯನ್ನು ನೋಡಿ ಕೈ ಅಡ್ಡ ಹಾಕಿದರು.

“ಸೈಡಿಗಾಕಿ ಸಾ. ಚೀಲ್ದಲ್ಲಿ ಏನದು?”

“ಮರಳು.”

“ಎಲ್ಲಿಂದ ತತ್ತಾ ಇದ್ದೀರಿ?”

“ಟಿ. ನರಸೀಪುರದಿಂದ.”

“ಎಲ್ಲಿಗೆ ಓಯ್ತಾ ಇರೋದು?”

“ರಾಜಸ್ಥಾನಕ್ಕೆ” ಎಂದಳು ಹಿಂದೆ ಕೂತಿದ್ದ ಸಿಂಚನಾ.

ಆತ ಒಮ್ಮೆ ನನ್ನನ್ನು, ಒಮ್ಮೆ ಸ್ಕೂಟರಿನ ಚಕ್ರವನ್ನು ನೋಡಿದರು. “ಇದ್ರಲ್ಲಾ?”

ಊರಿಂದೂರಿಗೆ ಮರಳು ಸಾಗಿಸಿದರೇ ದೊಡ್ಡ ಫಜೀತಿ. ನಮ್ಮದು ಅಂತರರಾಜ್ಯ ಪ್ರಕರಣವಾಗಿತ್ತು. ಸ್ಥಳ ಮಹಜರುಗಳನ್ನು ಬರೆಸಿ ಬರೆಸಿ ಕೈ ಸವೆಸಿಕೊಂಡಿದ್ದ ನನಗೆ, ನನ್ನದೇ ಮಹಜರಿನ ಒಕ್ಕಣೆ ಕಿವಿಯಲ್ಲಿ ಕೇಳತೊಡಗಿತು: ‘ಸದರಿ ಆಸಾಮಿಯು ಸದರಿ ಬಾಲಕಿಯೊಂದಿಗೆ ಸದರಿ ಮರುಭೂಮಿಯನ್ನು ಸದರಿ ಸ್ಕೂಟರಿನಲ್ಲಿ...’ ಅಷ್ಟರಲ್ಲಿ ಸಿಂಚನಾ ಇಳಿದು ಶಾಲೆ, ಚೀಟಿ, ಇರುವೆ, ಬೂದಿ ಬಣ್ಣ ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು. ಪೊಲೀಸಿನವರು ಚೀಲಕ್ಕೆ ಕೈ ಹಾಕಿ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿದರು. ಮುಖ ಮೃದುವಾಯಿತು.

“ಎಂಥಾ ಮರಳು ಸಾ! ನೋಡಿ ಎಷ್ಟ್ ದಿನ ಆಗಿತ್ತು. ನಮ್ಮನೆ ಪ್ಲಾಸ್ಟರಿಂಗು ನಿಂತೋಗದೆ” ಎಂದರು. ಆಮೇಲೆ ತಾವೇ ಚೀಲದ ತೂತನ್ನು ಗಂಟು ಹಾಕಿ, “ಕಾಲತ್ರ ಮಡಿಕ್ಕಬ್ಯಾಡಿ, ಡಿಕ್ಕಿಗಾಕಿ. ಇನ್ಯಾರಾರ ಕೇಳುದ್ರೆ ಸ್ಕೂಲ್ಗೆ ಅನ್ನವ್ವ, ರಾಜಸ್ಥಾನ ಅನ್ನಬ್ಯಾಡ” ಎಂದು ಬಿಟ್ಟುಕೊಟ್ಟರು.

ಪ್ರದರ್ಶನದ ದಿನ ಹಲಗೆಯನ್ನು ಊಟದ ಎಲೆ ಹಿಡಿದ ಹಾಗೆ ಮಟ್ಟವಾಗಿ ಹಿಡಿದು ಆಟೋದಲ್ಲಿ ಶಾಲೆಗೆ ತಂದೆವು. ಹಲಗೆಯ ಮೇಲೆ ಮರಳು ಸುರಿದು ಹರಡಿದ್ದಷ್ಟೇ, ಅಂಟಿಸಿರಲಿಲ್ಲ. ಇಟ್ಟಿಗೆ ಚೂರುಗಳ ಅರಾವಳಿ ಬೆಟ್ಟಸಾಲು ನಡುವೆ ಓರೆಯಾಗಿ ನಿಂತಿತ್ತು. ಮಣ್ಣಿನ ಒಂಟೆ ಒಂದೇ, ನಾನು ಮಾಡಿದ್ದು. ಅದನ್ನು ನೋಡಿದವರು ಹಸು ಎನ್ನುತ್ತಿದ್ದರು. ಗುರುಮಲ್ಲಪ್ಪನವರು ಮೊದಲ ಬಸ್ಸಿಗೇ ಬಂದು, ಹೆಗಲ ಮೇಲೆ ಟವೆಲು ಹಾಕಿಕೊಂಡು ಶಾಲೆಯ ಗೇಟಿನಲ್ಲಿ ಕಾದಿದ್ದರು.

ನಮ್ಮ ಟೇಬಲ್ಲಿನ ಸುತ್ತ ಜನ ಸೇರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಂಜಾಬು, ಬಿಹಾರ, ಕೇರಳ ಎಲ್ಲ ಬಿಕೋ ಎನ್ನುತ್ತಿದ್ದವು. ರಾಜಸ್ಥಾನದ ಮುಂದೆ ಗಂಡಸರ ಸಾಲು. ಒಬ್ಬೊಬ್ಬ ತಂದೆಯೂ ಬಂದು ಒಂದು ಚಿಟಿಕೆ ತೆಗೆದು, ಅಂಗೈಯಲ್ಲಿ ಉಜ್ಜಿ, ಪಕ್ಕದವರಿಗೆ ತೋರಿಸಿ, ನೆಲಕ್ಕೆ ಕೊಡವಿ ಹೋಗುತ್ತಿದ್ದ.

“ಹೊಳೆ ಮರಳು ಕಣ್ಲಾ! ಮಣ್ಣೇ ಇಲ್ಲ ನೋಡು.”

“ಲೋಡ್ ಏನ್ ರೇಟು ಪುಟ್ಟಿ?”

“ಅಂಕಲ್, ರಾಜಸ್ಥಾನ್ ಈಸ್ ದ ಲಾರ್ಜೆಸ್ಟ್ ಸ್ಟೇಟ್...” ಎಂದು ಸಿಂಚನಾ ಶುರುಮಾಡುವಷ್ಟರಲ್ಲಿ ಆತ, “ಅದಿರ್ಲಿ, ಫೋನ್ ನಂಬರ್ ಕೊಡು” ಎನ್ನುತ್ತಿದ್ದ. ಮೊದಲನೆಯ ವಾಕ್ಯ ದಾಟಿ ಎರಡನೆಯದಕ್ಕೆ ಹೋಗಲು ಅವಳಿಗೆ ಆಗಲಿಲ್ಲ. ಪ್ರತಿ ಚಿಟಿಕೆಗೂ ಗುರುಮಲ್ಲಪ್ಪನವರು ತಮ್ಮ ಮೈಯಿಂದಲೇ ಕಿತ್ತ ಹಾಗೆ ಕಣ್ಣು ಮುಚ್ಚುತ್ತಿದ್ದರು.

ಆಗ ಸೆಖೆಯೆಂದು ಯಾರೋ ಫ್ಯಾನು ಹಾಕಿದರು.

ರಾಜಸ್ಥಾನ ಮೆಲ್ಲಗೆ ಎದ್ದಿತು. ಪಕ್ಕದ ಟೇಬಲ್ಲು ಗುಜರಾತಿನದು; ಆ ಹುಡುಗಿ ಹತ್ತಿ ಬೆಳೆಯೆಂದು ನಿಜವಾದ ಹತ್ತಿಯನ್ನೇ ಅಂಟಿಸಿದ್ದಳು. “ಮಿಸ್, ಇವಳ ಸ್ಟೇಟು ನಮ್ಮ ಸ್ಟೇಟಿನೊಳಗೆ ಬರ್ತಾ ಇದೆ!” ಎಂದು ಕೂಗಿಕೊಂಡಳು. ನನ್ನ ಸೇವಾವಧಿಯಲ್ಲಿ ಬೇಕಾದಷ್ಟು ಒತ್ತುವರಿ ನೋಡಿದ್ದೆ. ಇಷ್ಟು ಬಹಿರಂಗವಾಗಿ ನಡೆದದ್ದನ್ನು ನೋಡಿರಲಿಲ್ಲ. ಗುರುಮಲ್ಲಪ್ಪನವರು ಹೆಗಲ ಟವೆಲನ್ನು ಎಳೆದು ಜೈಸಲ್ಮೇರಿನಿಂದ ಜೈಪುರದವರೆಗೆ ಮುಚ್ಚಿ ಎರಡೂ ಕೈಯಿಂದ ಒತ್ತಿ ಹಿಡಿದರು.

ಲಾವಣ್ಯ ಮಿಸ್ಸು ಓಡಿ ಬಂದರು. ಟವೆಲಿನ ಕೆಳಗಿರುವುದನ್ನು ನೋಡಿದರು. “ಸರ್, ಲೂಸ್ ಮರಳು ಒಳಗೆ ಇಡೋಕಾಗಲ್ಲ. ಗೋಂದು ಇಲ್ಲೇ ಇದೆ, ಗೆಸ್ಟ್ ಬರೋದ್ರೊಳಗೆ ಅಂಟಿಸಿಬಿಡಿ. ಇಲ್ಲಾಂದ್ರೆ ವರಾಂಡದಲ್ಲಿ ಇಡ್ಬೇಕಾಗತ್ತೆ. ಸಿಂಚನಾ, ಆಗ ನೀನು ಆ ಕಡೆ ಕೂತ್ಕೊ, ಆಯ್ತಾ?” ಎಂದು ಸಭಿಕರ ಕುರ್ಚಿಗಳ ಕಡೆ ತೋರಿಸಿ ಬಾಗಿಲಿಗೆ ಹೋದರು.

ನಾನು ಗೋಂದಿನ ಡಬ್ಬಿ ನೋಡಿದೆ. ಗುರುಮಲ್ಲಪ್ಪನವರು ಟವೆಲು ಬಿಡಲಿಲ್ಲ.

ಸಿಂಚನಾ ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ. ಹಲಗೆಯ ಒಂದು ಅಂಚಿಗೆ ಕೈ ಹಾಕಿ, “ಆ ಕಡೆ ಹಿಡ್ಕೊ ತಾತ, ಹೊರಗೆ ಇಡೋಣ. ಅಂಟಿಸಲ್ಲ ಅಂತ ಪ್ರಾಮಿಸ್ ಮಾಡಿದೀನಿ” ಎಂದಳು. ಮುಖ ಮಾತ್ರ ಹಿಂದಿನ ವರ್ಷ ಕೆಂಪು ಕೈ ತೋರಿಸಿದ ದಿನದ್ದೇ. ನಾನು ಆ ಕಡೆ ಹಿಡಿದೆ. ಎರಡು ಹೆಜ್ಜೆ ಇಟ್ಟಿದ್ದೆವು.

“ತಡೀರಿ” ಎಂದರು ಗುರುಮಲ್ಲಪ್ಪನವರು. ಟವೆಲಿನ ಸಮೇತ ಅವರೂ ಜೊತೆಗೆ ಬಂದಿದ್ದರು. “ಬೀಗ್ರೇ, ನೀವು ಓದ್ದೋರು. ಒಂದ್ ಮಾತ್ ಕೇಳ್ತೀನಿ. ಈ ರಾಜಸ್ಥಾನ ಅನ್ನೋದು ಪೂರಾ ಮರಳೇಯಾ?”

ಗೆದ್ದಲು ತಿಂದ ಶಿಕ್ಷಣದವನಾದ ನಾನು ಸಿಂಚನಾಳ ಕಡೆ ನೋಡಿದೆ. ಸಿಂಚನಾ ಪಾಠಪುಸ್ತಕ ತೆಗೆದು ಓದಿದಳು: ಅರಾವಳಿ ಬೆಟ್ಟದ ಪಶ್ಚಿಮಕ್ಕೆ ಮರಳುಗಾಡು, ಪೂರ್ವಕ್ಕೆ ಗೋಧಿ, ಸಾಸಿವೆ ಬೆಳೆಯುತ್ತಾರೆ.

“ಗೋದಿ ಬೆಳೀತಾರಾ!” ಗುರುಮಲ್ಲಪ್ಪನವರ ಕಣ್ಣು ಅಗಲವಾಯಿತು. “ಮತ್ಯಾಕೆ ಅಲ್ಲಿಗೆ ಮರಳು ಉಯ್ದಿದ್ದೀರಿ? ಬೆಳೆ ಬೆಳ್ಯೋ ಭೂಮಿಗೆ ಮರಳು ಉಯ್ಯಕ್ಕಾದದಾ? ಯಾರಾರ ಬೇಸಾಯಗಾರ್ರು ನೋಡುದ್ರೆ ಉಗುದ್ಬುಡ್ತಾರೆ.”

ಹಲಗೆ ಮತ್ತೆ ಟೇಬಲ್ಲಿಗೆ ಬಂತು. ಅಲ್ಲೇ ನಿಂತ ನಿಲುವಿನಲ್ಲಿ ರಾಜಿಯಾಯಿತು. ಪಶ್ಚಿಮ ಭಾಗ ಅಂಟಿಸಿ ಮೊಮ್ಮಗಳಿಗೆ ಬಿಟ್ಟುಕೊಡತಕ್ಕದ್ದು. ಪೂರ್ವ ಭಾಗದ ಮರಳು ಬೀಗರಿಗೆ ಸೇರತಕ್ಕದ್ದು. ಆ ಜಾಗಕ್ಕೆ ಶಾಲೆಯ ಕೈತೋಟದ ಕೆಮ್ಮಣ್ಣು ತುಂಬತಕ್ಕದ್ದು. “ಕೊಟ್ಟ ಮಾತ್ನ ನಾನೇ ವಾಪಸ್ ತಗಂಡಿವ್ನಿ ಕಣವ್ವ, ನಿನ್ ಮ್ಯಾಲೆ ತೆಪ್ಪಿಲ್ಲ” ಎಂದು ಅವರು ಸಿಂಚನಾಗೆ ಹೇಳಿದರು. ನಾನು ಸ್ಕೇಲು ಹಿಡಿದೆ. ಸಿಂಚನಾ ಪಶ್ಚಿಮದ ಮರಳನ್ನು ಬದಿಗೆ ಸರಿಸಿ ಗೋಂದು ಬಳಿದಳು. ಗುರುಮಲ್ಲಪ್ಪನವರು ಬೀಜ ಚೆಲ್ಲುವ ಕೈಯಲ್ಲಿ ಮರಳು ಉದುರಿಸಿದರು, ಬಹಳ ತೆಳ್ಳಗೆ.

ತೊಂದರೆ ಬಂದದ್ದು ಬೆಟ್ಟದಿಂದ. ನಾನು ಕೆಮ್ಮಣ್ಣು ತರಲು ಹೋಗಿ ಬರುವಷ್ಟರಲ್ಲಿ ಅರಾವಳಿ ಪಶ್ಚಿಮಕ್ಕೆ ಸರಿದಿತ್ತು. ನಾನು ಅದನ್ನು ಪೂರ್ವಕ್ಕೆ ತಳ್ಳಿದೆ. ನೀರು ತರಲು ತಿರುಗಿದೆ, ಮತ್ತೆ ಪಶ್ಚಿಮಕ್ಕೆ.

“ಬೀಗ್ರೇ, ಬೆಟ್ಟ ಅಲ್ಲಿ ಬರಲ್ಲ.”

“ಒಂಚೂರು ಅತ್ತಾಗ್ ಮಡುಗುದ್ರೆ ಏನಾದದು? ಅಲ್ಲೂ ಗೋದಿ ಬೆಳ್ಕಳ್ಳಿ ಪಾಪ.”

“ತಾತ, ಬೆಟ್ಟ ಜೈಸಲ್ಮೇರಿಗೆ ಬಂದ್ಬಿಡ್ತು! ಜೈಸಲ್ಮೇರ್ ಡೆಸರ್ಟು!” ಎಂದು ಸಿಂಚನಾ ಪುಸ್ತಕದ ನಕ್ಷೆ ಹಿಡಿದು ನಿಂತಳು. ಹದ್ದುಬಸ್ತು ಅವಳದೇ ಅಂತಿಮವಾಯಿತು. ಇಟ್ಟಿಗೆ ಚೂರುಗಳನ್ನು ಅವಳೇ ಇಟ್ಟು, ಇಬ್ಬರು ಅಜ್ಜಂದಿರೂ ಮುಟ್ಟದ ಹಾಗೆ ಗೋಂದು ಸುರಿದಳು. ಪೂರ್ವದ ಮರಳನ್ನು ಗುರುಮಲ್ಲಪ್ಪನವರು ಒಂದು ಕಾಳೂ ಬಿಡದಂತೆ ಟವೆಲಿಗೆ ಗುಡಿಸಿ ಗಂಟು ಕಟ್ಟಿ ಕಂಕುಳಿಗೆ ಇಟ್ಟುಕೊಂಡರು. ಗುಜರಾತಿಗೆ ಹೋಗಿದ್ದನ್ನೂ ಆ ಹುಡುಗಿಯ ಅಪ್ಪಣೆ ಪಡೆದು ಹತ್ತಿಯಿಂದ ಬಿಡಿಸಿಕೊಂಡರು.

ಅತಿಥಿಗಳು ಬಂದರು. ಊರಿನವರೇ, ನಿವೃತ್ತ ಪ್ರಾಂಶುಪಾಲರು. ಅಭ್ಯಾಸಬಲದಿಂದ ಮರಳಿಗೆ ಬೆರಳು ಹಾಕಿದರು. ಮರಳು ಬರಲಿಲ್ಲ. ಬೆರಳು ಸ್ವಲ್ಪ ಹೊತ್ತು ಅಲ್ಲೇ ಅಂಟಿಕೊಂಡಿತು. ಗೋಂದು ಇನ್ನೂ ಹಸಿಯಾಗಿತ್ತು. ಬೆರಳು ಬಿಡಿಸಿಕೊಳ್ಳುವವರೆಗೆ ಅವರು ಎಲ್ಲಿಗೂ ಹೋಗುವಂತಿರಲಿಲ್ಲ. ಸಿಂಚನಾ ಆ ಅವಕಾಶದಲ್ಲಿ ಐದು ವಾಕ್ಯವನ್ನೂ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಕುರ್ಚಿಗಳಲ್ಲಿ ಕೂತಿದ್ದವರು ಚಪ್ಪಾಳೆ ಹೊಡೆದರು. ಗುರುಮಲ್ಲಪ್ಪನವರಿಗೆ ಕಂಕುಳಲ್ಲಿ ಗಂಟಿದ್ದುದರಿಂದ ಹೊಡೆಯಲು ಆಗಲಿಲ್ಲ. ತಲೆಯನ್ನು ಜೋರಾಗಿ ಆಡಿಸುತ್ತಿದ್ದರು.

“ವೆರಿ ಗುಡ್” ಎಂದರು ಅತಿಥಿಗಳು. ಬೆರಳು ಬಿಡಿಸಿಕೊಂಡು, ತುದಿಗೆ ಹತ್ತಿದ್ದನ್ನು ಬೆಳಕಿಗೆ ಹಿಡಿದು ನೋಡಿ, ದನಿ ತಗ್ಗಿಸಿ, “ಈ ಮರಳು ಎಲ್ಲಿ ಸಿಕ್ತು?” ಎಂದು ಕೇಳಿದರು.

“ರಾಜಸ್ಥಾನದ್ದು ಸಾ” ಎಂದರು ಗುರುಮಲ್ಲಪ್ಪನವರು.

ಮೊದಲ ಬಹುಮಾನ ಕೇರಳಕ್ಕೆ ಹೋಯಿತು. ಸಿಂಚನಾಗೆ ಮೂರನೆಯದು. ಪಶ್ಚಿಮ ರಾಜಸ್ಥಾನ ಶಾಲೆಯಲ್ಲಿಯೇ ಉಳಿಯಿತು. ಪೂರ್ವ ರಾಜಸ್ಥಾನ ಅದೇ ದಿನ ಮಧ್ಯಾಹ್ನದ ಬಸ್ಸಿನಲ್ಲಿ ಟಿ. ನರಸೀಪುರಕ್ಕೆ ವಾಪಸಾಯಿತು.